ನಿಲ್ಲದ ಗಾಳಿ ಸೋರಿಕೆ: ಬಾಟಲಿಯ ಗುಳ್ಳೆಗಳಿಂದ ಆರಂಭಿಸೋಣ

ಶ್ವಾಸಕೋಶ ಕುಸಿದ ರೋಗಿಯ ಎದೆಗೆ ಕೊಳವೆ ಹಾಕಿ 5 ದಿನ ಕಳೆದರೂ, ಅದರ ಹೊರತುದಿಗೆ ಜೋಡಿಸಿದ ಬಾಟಲಿಯ ನೀರಿನಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಸಾಮಾನ್ಯವಾಗಿ ಅದನ್ನು ನಿಲ್ಲದ ಸೋರಿಕೆ ಎನ್ನುತ್ತಾರೆ. ಶ್ವಾಸಕೋಶದ ತೂತು ಇನ್ನೂ ಮುಚ್ಚಿಲ್ಲ. ಬೇರೆ ಕಾಯಿಲೆಯಿಲ್ಲದ ಹರೆಯದವರಲ್ಲಿ ಅದು ಬೇಗ ಮುಚ್ಚುತ್ತದೆ. ಸಿಒಪಿಡಿ (ಉಸಿರುದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಅಥವಾ ಕ್ಷಯದಿಂದ ಜೀರ್ಣವಾದ ಶ್ವಾಸಕೋಶದಲ್ಲಿ ತಡವಾಗುತ್ತದೆ. ನಮ್ಮಲ್ಲಿ ಕ್ಷಯವನ್ನು ಬಿಟ್ಟು ಈ ಪಾಠ ಓದುವಂತೆಯೇ ಇಲ್ಲ. ಕ್ಷಯವಿದ್ದರೆ ಅದರ ಔಷಧಿ ಶುರುವಾಗದೆ ಬರೀ ಕೊಳವೆಯನ್ನು ನಂಬಿ ಕೂರಬಾರದು.

ಸೋರುತ್ತಿರುವುದು ನಿಜಕ್ಕೂ ಶ್ವಾಸಕೋಶವೇ? ಇದನ್ನು ಮೊದಲು ನೋಡಿ. ಎದೆಯ ಹತ್ತಿರ ಕೊಳವೆಯನ್ನು ಕೆಲವೇ ಕ್ಷಣ ಕ್ಲ್ಯಾಂಪಿನಿಂದ ಹಿಡಿಯಿರಿ. ಆಗಲೂ ಗುಳ್ಳೆ ಬರುತ್ತಿದ್ದರೆ ದೋಷ ಕೊಳವೆಯ ಜೋಡಣೆಯಲ್ಲಿದೆ. ಗುಳ್ಳೆ ನಿಂತರೆ ಗಾಳಿ ಎದೆಯ ಕಡೆಯಿಂದ ಬರುತ್ತಿದೆ. ಆದರೂ ಡ್ರೆಸಿಂಗ್ ಬಿಚ್ಚಿ ನೋಡಿ: ಕೊಳವೆ ಜಾರಿ, ಅದರ ಪಕ್ಕದ ರಂಧ್ರ ಚರ್ಮದ ಹೊರಗೆ ಬಂದಿದ್ದರೆ ಹೊರಗಿನ ಗಾಳಿಯೇ ಒಳಗೆ ಸೇರುತ್ತಿರುತ್ತದೆ. ಪರೀಕ್ಷೆ ಮುಗಿದ ಕೂಡಲೇ ಕ್ಲ್ಯಾಂಪ್ ತೆಗೆಯಿರಿ. ಗುಳ್ಳೆ ಬರುತ್ತಿರುವ ಕೊಳವೆಯನ್ನು ಮುಚ್ಚಿಟ್ಟರೆ ಗಾಳಿ ಒಳಗೇ ಒತ್ತಿಕೊಂಡು ಜೀವಕ್ಕೇ ಕುತ್ತು ತರಬಹುದು.

ಶ್ವಾಸಕೋಶ ಹಿಗ್ಗದಿದ್ದರೆ 10ರಿಂದ 20 ಸೆಂ.ಮೀ. ನೀರಿನಷ್ಟು ಸಕ್ಷನ್ (ಗಾಳಿಯನ್ನು ಹೊರಗೆ ಹೀರುವ ಒತ್ತಡ) ಕೊಡಬಹುದು; ಮೊದಲ ದಿನದಿಂದಲೇ ಎಲ್ಲರಿಗೂ ಬೇಡ. ಸೋರಿಕೆ 5 ದಿನ ಮುಟ್ಟುವುದರೊಳಗೆ ಶಸ್ತ್ರಚಿಕಿತ್ಸಕರ ಅಭಿಪ್ರಾಯವನ್ನೂ ಕೇಳಿರಬೇಕು. ಶಸ್ತ್ರಚಿಕಿತ್ಸೆ ತಾಳುವ ರೋಗಿಗೆ ಎದೆಯೊಳಗೆ ಕ್ಯಾಮೆರಾ ಇಳಿಸಿ, ಸೋರುವ ಭಾಗವನ್ನು ಸ್ಟೇಪಲ್ ಮಾಡಿ, ಶ್ವಾಸಕೋಶದ ಮತ್ತು ಎದೆಗೋಡೆಯ ಪೊರೆಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ ಮಾಡುವುದೇ ಭದ್ರವಾದ ದಾರಿ.

ಅರಿವಳಿಕೆಯನ್ನೇ ತಾಳಲಾರದವರಿಗೆ ಏನು ಮಾಡುವುದು? ನನಗೆ ಬಹಳ ಮೆಚ್ಚುಗೆಯಾದದ್ದು ರಕ್ತದ ತೇಪೆ. ರೋಗಿಯ ತೋಳಿನಿಂದಲೇ 50ರಿಂದ 100 ಮಿ.ಲೀ. ರಕ್ತ ತೆಗೆದು, ಹೆಪ್ಪುಗಟ್ಟದಂತೆ ತಡೆಯುವ ಯಾವ ಔಷಧಿಯನ್ನೂ ಬೆರೆಸದೆ, ತಕ್ಷಣ ಕೊಳವೆಯ ಮೂಲಕ ಎದೆಯೊಳಗೆ ಬಿಡುತ್ತಾರೆ. ಕ್ಲ್ಯಾಂಪ್ ಹಾಕುವಂತಿಲ್ಲ, ರಕ್ತ ಹಿಂದಕ್ಕೆ ಹರಿಯಲೂ ಬಾರದು. ಆದ್ದರಿಂದ ಕೊಳವೆಯನ್ನು ಡ್ರಿಪ್ ಸ್ಟ್ಯಾಂಡಿನ ಮೇಲಿಂದ ಬಳಸಿ ತಂದು, ಬಾಟಲಿಯನ್ನು ಕೆಳಗೇ ಇಡುತ್ತಾರೆ. ರಕ್ತ ಆ ಏರನ್ನು ಹತ್ತಲಾರದು, ಗಾಳಿ ಮಾತ್ರ ದಾಟಿ ಹೋಗುತ್ತದೆ. ಒಳಗೆ ಹೆಪ್ಪುಗಟ್ಟಿದ ರಕ್ತ ತೂತಿಗೆ ಬಿರಡೆಯಾಗುತ್ತದೆ. ಸೋಂಕು ತಗಲಬಹುದು, ಕೊಳವೆ ಕಟ್ಟಿಕೊಳ್ಳಬಹುದು. ಜ್ವರದ ಚಾರ್ಟನ್ನೂ, ಉಸಿರಿನೊಂದಿಗೆ ಕೊಳವೆಯಲ್ಲಿ ಆಗುವ ನೀರಿನ ಏರಿಳಿತವನ್ನೂ ಗಮನಿಸುತ್ತಿರಿ.

ಟಾಲ್ಕ್ ಪುಡಿ ಅಥವಾ ಪೊವಿಡೋನ್ ಅಯೋಡಿನ್ ದ್ರಾವಣ ಹಾಕಿ ಪೊರೆಗಳನ್ನು ಅಂಟಿಸಬೇಕಾದರೆ ಶ್ವಾಸಕೋಶ ಹಿಗ್ಗಿ ಎದೆಗೋಡೆಗೆ ತಾಗಿರಬೇಕು. ನೋವು ಜೋರಾಗಿರುತ್ತದೆ, ನೋವಿನ ಔಷಧಿ ಮೊದಲೇ ಕೊಡಿ. ಬ್ರಾಂಕೋಸ್ಕೋಪಿನಿಂದ (ಶ್ವಾಸನಾಳದೊಳಗೆ ಇಳಿಸುವ ಕ್ಯಾಮೆರಾ ಕೊಳವೆ) ಶ್ವಾಸನಾಳದಲ್ಲಿ ಏಕಮುಖ ಕವಾಟ ಕೂರಿಸುವುದೂ ಉಂಟು. ಬಲೂನಿನಿಂದ ನಾಳಗಳನ್ನು ಒಂದೊಂದಾಗಿ ಮುಚ್ಚುತ್ತಾ, ಯಾವುದನ್ನು ಮುಚ್ಚಿದಾಗ ಗುಳ್ಳೆ ಕಡಿಮೆಯಾಗುತ್ತದೋ ಅಲ್ಲಿ ಕವಾಟವಿಟ್ಟು, ಸುಮಾರು 6 ವಾರಗಳ ನಂತರ ತೆಗೆಯುತ್ತಾರೆ. ದುಬಾರಿ.

ಇದಾವುದೂ ಆಗದವರನ್ನು, ಸ್ಥಿತಿ ಸ್ಥಿರವಾಗಿದ್ದರೆ, ಕೊಳವೆಗೆ ಹೈಮ್ಲಿಕ್ ಕವಾಟ (ಗಾಳಿಯನ್ನು ಹೊರಗೆ ಮಾತ್ರ ಬಿಡುವ ಪುಟ್ಟ ಏಕಮುಖ ಕವಾಟ) ಜೋಡಿಸಿ ಮನೆಗೆ ಕಳುಹಿಸಬಹುದು. ತಿರುಗಾಮುರುಗಾ ಜೋಡಿಸಿದರೆ ಗಾಳಿ ಹೊರಬರಲಾರದು. ರೋಗಿ ಮಂಚದಿಂದ ಇಳಿಯುವ ಮೊದಲು ಕವಾಟದ ದಿಕ್ಕನ್ನು ಇನ್ನೊಮ್ಮೆ ನೋಡಿ.