ತೊಗಲಿನ ಹಿಂದಿನ ಬೆಳಕಿಗೆ ಎಷ್ಟು ಕೋಟಿ?

ಅಕ್ಕನ ಮಗ ಪಿಯುಸಿ ಪರೀಕ್ಷೆ ಮುಗಿಸಿ ಕೊಪ್ಪಳದ ನಮ್ಮ ಮನೆಗೆ ಬಂದಿದ್ದಾನೆ. ಬಂದ ದಿನವೇ ನನ್ನ ಕಂಪ್ಯೂಟರಿನಲ್ಲಿ ಒಂದು ಆಟ ಡೌನ್‌ಲೋಡ್‌ಗೆ ಹಾಕಿದ. ಎರಡು ದಿನ ಆದರೂ ಮುಗಿಯಲಿಲ್ಲ. ನಡುವೆ ಕರೆಂಟ್ ಬೇರೆ ಹೋಗಿ ಬಂತು.

"ಎಷ್ಟೈತಲೇ ಅದು?" ಎಂದೆ.

"ತೊಂಬತ್ತು ಜಿಬಿ, ಮಾಮಾ."

ಮೂರನೇ ದಿನ ಆಟ ತೆರೆಯಿತು. ಹುಡುಗ ನನ್ನನ್ನು ಕೂಗಿ ಕರೆದು ತೋರಿಸಿದ್ದು ಕತೆಯನ್ನಲ್ಲ, ಒಂದು ಕಿವಿಯನ್ನು. ಆಟದ ನಾಯಕ ಸೂರ್ಯನಿಗೆ ಬೆನ್ನು ಹಾಕಿ ನಿಂತಿದ್ದ. ಅವನ ಕಿವಿಯ ಅಂಚು ಕೆಂಪಗೆ ಹೊಳೆಯುತ್ತಿತ್ತು. "ನೋಡು ಮಾಮಾ, ಖರೇ ಕಿವಿ ಇದ್ದಂಗೈತಿ!"

ನನಗೂ ಬೆರಗಾಯಿತು ಅನ್ನಿ. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಚ್ಚಿ ಅದರ ಮೇಲೆ ಬೆರಳಿಟ್ಟು ನೋಡಿ. ಬೆರಳು ಕೆಂಡದಂತೆ ಕಾಣುತ್ತದೆ. ಚರ್ಮಕ್ಕೆ ಬಿದ್ದ ಬೆಳಕೆಲ್ಲ ಅಲ್ಲಿಂದಲೇ ವಾಪಸ್ ಬರುವುದಿಲ್ಲ. ಒಂದಷ್ಟು ಒಳಗೆ ಹೊಕ್ಕು, ಅಲ್ಲೇ ಅಡ್ಡಾಡಿ, ಇನ್ನೆಲ್ಲೋ ಹೊರಗೆ ಬೀಳುತ್ತದೆ. ನೀಲಿ, ಹಸಿರು ಬೆಳಕನ್ನು ರಕ್ತ ಜಾಸ್ತಿ ಹೀರುತ್ತದೆ. ಕೆಂಪು ಪಾರಾಗಿ ಬರುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆಟದಲ್ಲಿನ ಮುಖ ಪ್ಲಾಸ್ಟಿಕ್ ಥರ ಕಾಣುತ್ತದೆ. ತೆಗೆದುಕೊಂಡರೆ ಕೆಲಸ ಹೆಚ್ಚುತ್ತದೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕಿಗಳಿವೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಆ ಎಲ್ಲ ಚುಕ್ಕಿಗಳ ಬಣ್ಣ 17 ಮಿಲಿಸೆಕೆಂಡಿನೊಳಗೆ ತೀರ್ಮಾನ ಆಗಬೇಕು.

ಆ ಲೆಕ್ಕವನ್ನು ಯಂತ್ರ ಮಾಡುತ್ತದೆ, ಸರಿ. ಆದರೆ ಕಿವಿ ಮಾಡುವವರು ಮನುಷ್ಯರು. ಒಬ್ಬರು ಅದರ ಆಕಾರ ಕಡೆಯಬೇಕು, ಇನ್ನೊಬ್ಬರು ಬಣ್ಣ ಹಚ್ಚಬೇಕು, ಮತ್ತೊಬ್ಬರು ತಲೆ ಅಲ್ಲಾಡಿದಾಗ ಅದು ಹೇಗೆ ಕಾಣಬೇಕು ಅಂತ ನೋಡಬೇಕು. ದೊಡ್ಡ ಆಟಗಳ ಖರ್ಚಿನಲ್ಲಿ ಬಹುಪಾಲು ಸಂಬಳವೇ. ಕಂಪನಿಗಳು ಈ ಲೆಕ್ಕವನ್ನು ಸಾಮಾನ್ಯವಾಗಿ ಹೊರಗೆ ಬಿಡುವುದಿಲ್ಲ. 2023ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಒಂದು ತಮಾಷೆ ನಡೆಯಿತು. ಆಟ ಮಾಡಿಸುವ ಸೋನಿ ಕಂಪನಿಯ ಕಾಗದಪತ್ರದಲ್ಲಿ ಖರ್ಚಿನ ಅಂಕಿಗಳ ಮೇಲೆ ಕಪ್ಪು ಶಾಯಿ ಬಳಿದಿದ್ದರು. ಸ್ಕ್ಯಾನ್ ಮಾಡಿದಾಗ ಶಾಯಿಯ ಹಿಂದಿನದ್ದೂ ಕಂಡುಬಿಟ್ಟಿತು. 2020ರ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಆಟಕ್ಕೆ ಆದ ಖರ್ಚು ಸುಮಾರು 22 ಕೋಟಿ ಡಾಲರ್. ಆಗಿನ ದರದಲ್ಲಿ 1,600 ಕೋಟಿ ರೂಪಾಯಿಗೂ ಮೇಲೆ.

ಆ ಕೆಂಪು ಕಿವಿ ನೋಡುವಾಗ ನನಗೆ ನೆನಪಾದದ್ದು ತೊಗಲುಗೊಂಬೆ. ನಮ್ಮ ಜಿಲ್ಲೆಯ ಮೊರನಾಳ ಅದಕ್ಕೆ ಹೆಸರಾದ ಊರು. ಅಲ್ಲಿನ ಭೀಮವ್ವ ಅಜ್ಜಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಈ ಆಟ ಆಡಿಸಿದ್ದಕ್ಕೇ. ಆಡಿನ ತೊಗಲನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳ್ಳಗೆ ಕೆರೆಯುತ್ತಾರೆ. ಎರಡೂ ಮಗ್ಗುಲಿಗೆ ಬಣ್ಣ ಹಚ್ಚುತ್ತಾರೆ. ಒಡವೆ, ಸೀರೆ ಅಂಚು ಬರುವ ಕಡೆ ಸಣ್ಣ ಸಣ್ಣ ತೂತು ಹೊಡೆಯುತ್ತಾರೆ. ಹಿಂದೆ ದೀಪ, ಮುಂದೆ ಬಿಳಿ ಬಟ್ಟೆ. ಖರೇ ತೊಗಲಿನೊಳಗೆ ಖರೇ ಬೆಳಕು. ಇಲ್ಲಿ ಯಾವ ಲೆಕ್ಕವೂ ಬೇಕಿಲ್ಲ.

ಆದರೆ ನಾನು ಹೇಳಬೇಕೆಂದಿದ್ದು ಬೆಳಕಿನ ಮಾತಲ್ಲ, ಕಿಳ್ಳೇಕ್ಯಾತನ ಮಾತು. ರಾಮಾಯಣದ ನಡುವೆ ನುಗ್ಗುವ ಹಾಸ್ಯಗಾರ ಅವನು. ನಾನು ಸಣ್ಣವನಿದ್ದಾಗ ನೋಡಿದ ಒಂದು ಆಟದಲ್ಲಿ, ಹನುಮಂತ ಲಂಕೆಗೆ ಹಾರುವ ಮುಂಚೆ ಕಿಳ್ಳೇಕ್ಯಾತ ನಮ್ಮೂರ ಚಾದಂಗಡಿಯ ನೀರು ಚಾ ಬಗ್ಗೆ ಮಾತೆತ್ತಿದ್ದ. ಜನ ಬಿದ್ದು ಬಿದ್ದು ನಕ್ಕಿದ್ದರು. ಸಂಜೆ ಆ ಅಂಗಡಿಯಲ್ಲಿ ಚಾ ಕುಡಿದು, ರಾತ್ರಿ ಕತೆಗೆ ಸೇರಿಸಿದ್ದಿರಬೇಕು. ಅದಕ್ಕೆ ನಯಾಪೈಸೆ ಖರ್ಚಿಲ್ಲ.

90 ಜಿಬಿ ಆಟದಲ್ಲಿ ಹೀಗೆ ಒಂದು ಮಾತು ಬದಲಿಸಿ ನೋಡೋಣ. ನಟನನ್ನು ಮತ್ತೆ ಸ್ಟುಡಿಯೋಗೆ ಕರೆಸಬೇಕು. ಕ್ಯಾಮೆರಾ ಚಲನೆ ಹಿಡಿಯಲೆಂದು ಮೈತುಂಬ ಗುರುತು ಅಂಟಿಸಿಕೊಂಡು ಅವನು ಮತ್ತೆ ಅಭಿನಯಿಸಬೇಕು. ತುಟಿಯ ಚಲನೆ ಕೂಡಿಸಬೇಕು. ಹತ್ತಾರು ಭಾಷೆಗೆ ಅನುವಾದ ಆಗಬೇಕು. ಇಷ್ಟಾದ ಮೇಲೆ ಬೇರೆಲ್ಲೂ ಏನೂ ಕೆಟ್ಟಿಲ್ಲ ಅಂತ ಪರೀಕ್ಷೆ. ಯಾರು ಮಾಡ್ತಾರೆ? ಚೆಂದ ಜಾಸ್ತಿಯಾದಷ್ಟೂ ಕತೆ ಬಿಗಿಯುತ್ತಾ ಹೋಗುತ್ತದೆ. ಹೊಸ ಥರದ ಕತೆ ಹೇಳಲು ಕಂಪನಿಗಳಿಗೆ ಧೈರ್ಯವಿಲ್ಲ ಎಂದು ಬೈಯುವವರು ಬಹಳ. ಧೈರ್ಯಕ್ಕಿಂತ ದೊಡ್ಡ ಅಡ್ಡಿ ಇದು ಅಂತ ನನಗನಿಸುತ್ತದೆ.

ಆಟದ ಕತೆಗೆ ಇನ್ನೂ ಒಂದು ತೊಡಕಿದೆ, ಕವಲು. ಆಡುವವನು ಎಡಕ್ಕೂ ಹೋಗಬಹುದು, ಬಲಕ್ಕೂ ಹೋಗಬಹುದು. ಇಂಥ 10 ತಿರುವು ಇಟ್ಟು, ಒಂದೊಂದು ದಾರಿಯನ್ನೂ ಬೇರೆ ಬೇರೆಯಾಗಿ ಬೆಳೆಸಿದರೆ 1,024 ಕೊನೆಗಳಾಗುತ್ತವೆ. ಒಂದು ಸಲ ಆಡಿದವನು ನೋಡುವುದು ಒಂದನ್ನೇ. ಉಳಿದ 1,023ಕ್ಕೆ ಸುರಿದ ದುಡ್ಡು? ಬರೀ ಅಕ್ಷರದಲ್ಲಿದ್ದರೆ ಸಹಿಸಬಹುದು. ನಟರು, ಸಂಗೀತ, ಕೆಂಪು ಕಿವಿ ಎಲ್ಲ ಸೇರಿದರೆ ಆಗದ ಮಾತು. ಮೇಲೆ ಹೇಳಿದ 22 ಕೋಟಿ ಡಾಲರಿನ ಆಟಕ್ಕೆ ಇರುವುದು ಒಂದೇ ಕೊನೆ. ಲೂಕಸ್ ಪೋಪ್ ಎಂಬಾತ 2013ರಲ್ಲಿ ಒಬ್ಬನೇ ಕೂತು ಮಾಡಿದ 'ಪೇಪರ್ಸ್, ಪ್ಲೀಸ್'ಗೆ 20. ಅದರಲ್ಲಿ ನೀವು ಗಡಿ ಚೌಕಿಯ ಗುಮಾಸ್ತ. ಬಂದವರ ಪಾಸ್‌ಪೋರ್ಟ್ ನೋಡಿ ಠಸ್ಸೆ ಒತ್ತುವುದೇ ಕೆಲಸ. ಮುಖಗಳೆಲ್ಲ ಒರಟು ಚೌಕಗಳು. ಗಂಡನಿಗೆ ಕಾಗದ ಸರಿಯಿದೆ, ಹಿಂದೆ ನಿಂತ ಹೆಂಡತಿಗೆ ಇಲ್ಲ. ಬಿಟ್ಟರೆ ತಪ್ಪು ನಿಮ್ಮ ತಲೆಗೆ, ಅಂಥ ತಪ್ಪು ಹೆಚ್ಚಿದರೆ ಸಂಬಳಕ್ಕೆ ಕತ್ತರಿ. ಆ ಒರಟು ಮುಖ ಹೊಟ್ಟೆಯೊಳಗೆ ಕಲಸಿದಷ್ಟು ಆ ಚೆಂದದ ಕಿವಿ ಕಲಸಲಿಲ್ಲ.

ಹಾಗಂತ ಅಗ್ಗದ್ದೆಲ್ಲ ಹೊಸದು ಅನ್ನಬೇಡಿ. ಮೊಬೈಲ್ ತುಂಬ ಒಂದರ ನಕಲು ಇನ್ನೊಂದೇ ಇದೆ. ದುಡ್ಡನ್ನೂ ಸುರಿದು ಕವಲನ್ನೂ ಬಿಡದವರಿದ್ದಾರೆ. ಬೆಲ್ಜಿಯಂನ ಲಾರಿಯನ್ ಕಂಪನಿ 'ಬಾಲ್ಡರ್ಸ್ ಗೇಟ್ 3' ಆಟವನ್ನು ಹಾಗೆ ಮಾಡಿತು. ಆದರೆ ಪೂರ್ತಿ ಆಟ ಬಂದದ್ದು 2023ರಲ್ಲಿ. 2020ರಿಂದಲೇ ಅರೆಬೆಂದದ್ದನ್ನು ಮಾರಿ, ಆಡಿದವರ ಮಾತು ಕೇಳುತ್ತಾ ತಿದ್ದಿಕೊಂಡರು.

ಇದನ್ನೆಲ್ಲ ಹೇಳಿದ ಮೇಲೆ ಹುಡುಗ 200 ಪುಟದ ನೋಟ್‌ಬುಕ್ ತೆಗೆದು ತಾನೇ ಒಂದು ಆಟ ಬರೆಯಲು ಕೂತ. ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನಿಗೆ ಯಾರದೋ ಚೀಲ ಸಿಗುತ್ತದೆ. ಪೊಲೀಸರಿಗೆ ಕೊಟ್ಟರೆ ಈ ಪುಟಕ್ಕೆ ಹೋಗಿ, ಬಿಚ್ಚಿ ನೋಡಿದರೆ ಆ ಪುಟಕ್ಕೆ. ಐದನೇ ತಿರುವಿಗೆ ದಾರಿ 32 ಆದವು. ಪೆನ್ಸಿಲ್ ಕೆಳಗಿಟ್ಟ.

"ಮಾಮಾ, ಯಾವ ದಾರೀಲೆ ಹೋದ್ರೂ ಕಡೀಗೆ ಎಲ್ಲಾರೂ ಗವಿಮಠದ ಜಾತ್ರಿಗೇ ಬರ್ಲಿ ಬಿಡು."

ದೊಡ್ಡ ಕಂಪನಿಯವರು ಮಾಡುವುದೂ ಇದನ್ನೇ. ಕವಲು ಒಡೆಸಿ, ಸ್ವಲ್ಪ ದೂರ ನಡೆಸಿ, ಸದ್ದಿಲ್ಲದೆ ಮತ್ತೆ ಒಂದೇ ರಸ್ತೆಗೆ ತಂದು ಬಿಡುತ್ತಾರೆ. ಹುಡುಗನ ಜಾತ್ರೆ ಪುಟದಲ್ಲಿ ಒಬ್ಬ ಮಿರ್ಚಿ ಅಂಗಡಿಯವನಿದ್ದಾನೆ. ಅವನ ಮಾತನ್ನು ನಿನ್ನೆಯಿಂದ ಮೂರು ಸಲ ಅಳಿಸಿ ಬರೆದಿದ್ದಾನೆ. ಆ ಜಾಗದಲ್ಲಿ ಹಾಳೆ ತೆಳ್ಳಗಾಗಿ, ಹಿಂದಿನ ಬೆಳಕು ಕಾಣುತ್ತಿದೆ.