ಅಗ್ಗದ ಸೈಕಲ್ ಜಿಪಿಎಸ್: ದುಡ್ಡು ಎಲ್ಲಿಗೆ ಹಾಕಬೇಕು, ಎಲ್ಲಿ ಉಳಿಸಬೇಕು

ಹ್ಯಾಂಡಲ್ ಮೇಲೆ ಕೂತು ದೂರ, ವೇಗ, ದಾರಿ ದಾಖಲಿಸುವ ಪುಟ್ಟ ಕಂಪ್ಯೂಟರೇ ಸೈಕಲ್ ಜಿಪಿಎಸ್. ಮೂರ್ನಾಲ್ಕು ಸಾವಿರಕ್ಕೂ ಅದು ಸಿಗುತ್ತದೆ, ಮೂವತ್ತು ಸಾವಿರ ದಾಟಿದ ಮಾದರಿಗಳೂ ಇವೆ. ಬೆಲೆ ಹೆಚ್ಚಿದಷ್ಟೂ ದಾರಿಯ ಅಳತೆ ಕರಾರುವಾಕ್ಕಾಗುತ್ತದೆ ಎಂದು ನಂಬಿ ಬಜೆಟ್ ಮೀರುವವರೇ ಹೆಚ್ಚು. ಆದರೆ ಎರಡೂ ಕಿವಿಗೊಡುವುದು ಅವೇ ಉಪಗ್ರಹಗಳಿಗೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಮ್ಮ ಗಡಿಯಾರದ ಸಮಯವನ್ನು ಬಿತ್ತರಿಸುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತಲುಪಲು ತೆಗೆದುಕೊಂಡ ಸಮಯದಿಂದ ನಾವಿರುವ ಜಾಗದ ಲೆಕ್ಕ ಸಿಗುತ್ತದೆ. ಈ ಲೆಕ್ಕ ಹಾಕುವ ಚಿಪ್ ಈಗ ಅಗ್ಗ. ಬಯಲು ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ತುಳಿದರೆ ಎರಡು ಸಾಧನಗಳ ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ.

ವ್ಯತ್ಯಾಸ ಕಾಣುವುದು ಎತ್ತರದ ಕಟ್ಟಡಗಳ ನಡುವೆ, ಫ್ಲೈಓವರ್‌ಗಳ ಕೆಳಗೆ. ಅಲ್ಲಿ ನೇರ ಸಂಕೇತದ ಜೊತೆಗೆ ಗೋಡೆಗೆ ಬಡಿದು ಬಂದ ಸಂಕೇತವೂ ಸೇರಿಕೊಂಡು ನಕ್ಷೆಯ ಮೇಲೆ ನಮ್ಮ ದಾರಿಯ ಗೆರೆ ಪಕ್ಕದ ರಸ್ತೆಗೆ ಜಾರುತ್ತದೆ. ದುಬಾರಿ ಮಾದರಿಗಳಲ್ಲಿರುವ ‘ಡ್ಯುಯಲ್ ಬ್ಯಾಂಡ್’, ಅಂದರೆ ಉಪಗ್ರಹದ ಎಲ್1, ಎಲ್5 ಎಂಬ ಎರಡು ಸಂಕೇತಗಳನ್ನೂ ಹಿಡಿಯುವ ಸೌಲಭ್ಯ, ಇದಕ್ಕೆ ಮದ್ದು. ಹಳೆಯ ಎಲ್1 ಸಂಕೇತದ ಒಂದೊಂದು ತುಣುಕು ಸುಮಾರು 293 ಮೀಟರ್ ಉದ್ದ. ಎಲ್5ರದ್ದು ಅದರ ಹತ್ತನೇ ಒಂದು ಭಾಗ, ಸುಮಾರು 29 ಮೀಟರ್. ತುಣುಕು ಗಿಡ್ಡವಾದಷ್ಟೂ ತಡವಾಗಿ ಬಂದ ಪ್ರತಿಫಲನವನ್ನು ಬೇರ್ಪಡಿಸುವುದು ಸುಲಭ. ನಗರದ ನಡುವಿನಲ್ಲೇ ತುಳಿಯುತ್ತ ಗೆರೆ ಅಚ್ಚುಕಟ್ಟಾಗಿರಬೇಕು ಎನ್ನುವವರಿಗೆ ಇದು ಬೇಕು. ಊರಾಚೆ ಹೋಗುವವರು ಇದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ.

ದುಡ್ಡು ಕೊಡಬೇಕಾದದ್ದು ವಾಯುಭಾರಮಾಪಕಕ್ಕೆ, ಅಂದರೆ ಬ್ಯಾರೋಮೀಟರಿಗೆ. ಜಿಪಿಎಸ್‌ಗೆ ಅಡ್ಡ ಅಳತೆಗಿಂತ ಎತ್ತರದ ಅಳತೆ ಕಷ್ಟ. ಅಕ್ಕಪಕ್ಕದ ಅಂತರಕ್ಕೆ ಎಲ್ಲ ದಿಕ್ಕಿನ ಉಪಗ್ರಹಗಳೂ ಸಾಕ್ಷಿ ಹೇಳುತ್ತವೆ. ಎತ್ತರಕ್ಕೆ ಮೇಲಿನವು ಮಾತ್ರ, ಕೆಳಗಿನವನ್ನು ಭೂಮಿಯೇ ಮರೆಮಾಡಿರುತ್ತದೆ. ಏರಿನಲ್ಲಿ ಇದರ ಪರಿಣಾಮ ನೋಡಿ. ಶೇ. 8ರ ದಿಬ್ಬದಲ್ಲಿ 50 ಮೀಟರ್ ಸಾಗಿದರೆ ನಾವು ಏರುವುದು 4 ಮೀಟರ್. ಎತ್ತರದಲ್ಲಿ 5 ಮೀಟರ್ ತಪ್ಪು ನುಸುಳಿದರೆ ಪರದೆಯ ಮೇಲೆ ಏರು ಶೇ. 18 ಎಂದೋ, ಇಳಿಜಾರು ಎಂದೋ ಬರುತ್ತದೆ. ನಂದಿ ಬೆಟ್ಟ ಹತ್ತುವಾಗ ಇಂಥ ಅಂಕಿ ನೋಡಿ ಗೇರ್ ಹಾಕುವುದು ಹೇಗೆ? ಬ್ಯಾರೋಮೀಟರ್ ಅರ್ಧ ಮೀಟರಿನ ಏರನ್ನೂ ಗುರುತಿಸಬಲ್ಲದು. ಸುಮಾರು 9 ಮೀಟರ್ ಮೇಲೇರಿದರೆ ಗಾಳಿಯ ಒತ್ತಡ 1 ಮಿಲಿಬಾರ್ ಇಳಿಯುತ್ತದೆ.

ಇದಕ್ಕೂ ಒಂದು ದೌರ್ಬಲ್ಯವಿದೆ. ನಾವು ಕದಲದಿದ್ದರೂ ಒತ್ತಡ ಬದಲಾಗುತ್ತದೆ. ಉಷ್ಣವಲಯದಲ್ಲಿ ಪ್ರತಿದಿನ ಬೆಳಗ್ಗೆ ಹತ್ತರ ಸುಮಾರಿಗೆ ಒತ್ತಡ ಏರಿ, ಸಂಜೆ ನಾಲ್ಕರ ಹೊತ್ತಿಗೆ ಮೂರ್ನಾಲ್ಕು ಮಿಲಿಬಾರ್ ಇಳಿಯುತ್ತದೆ. ಹತ್ತಕ್ಕೆ ಹೊರಟು ನಾಲ್ಕಕ್ಕೆ ಮರಳಿದರೆ ನಿಮ್ಮ ಮನೆಯೇ 30 ಮೀಟರ್ ಮೇಲಕ್ಕೆ ಹೋದಂತೆ ಸಾಧನ ತೋರಿಸಬಹುದು. ಅದು ಕೆಟ್ಟಿದೆ ಎಂದು ಅಂಗಡಿಗೆ ಒಯ್ಯಬೇಡಿ. ಹೊರಡುವ ಮುನ್ನ ಗೊತ್ತಿರುವ ಎತ್ತರವನ್ನು ಕೈಯಾರೆ ತುಂಬಿದರೆ ಆಯಿತು. ಆ ಅಂಕಿ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ರೈಲು ನಿಲ್ದಾಣಗಳ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೇ ಸಮುದ್ರ ಮಟ್ಟದಿಂದ ಎತ್ತರ ಬರೆದಿರುತ್ತದೆ. ಇನ್ನೊಂದು ಮಾತು: ಬ್ಯಾರೋಮೀಟರ್ ಉಸಿರಾಡುವ ಪುಟ್ಟ ರಂಧ್ರ ಸಾಧನದ ತಳದಲ್ಲೋ ಪಕ್ಕದಲ್ಲೋ ಇರುತ್ತದೆ. ಮಳೆನೀರು, ಬೆವರಿನ ಉಪ್ಪು ಅದನ್ನು ಮುಚ್ಚಿದರೆ ಎತ್ತರದ ಅಂಕಿ ಒಂದೇ ಕಡೆ ನಿಲ್ಲುತ್ತದೆ, ಇಲ್ಲವೇ ಹುಚ್ಚಾಪಟ್ಟೆ ಜಿಗಿಯುತ್ತದೆ. ಸಿಹಿನೀರಲ್ಲಿ ತೊಳೆದು ಒಣಗಿಸಿ. ಪಿನ್ನು ಚುಚ್ಚಬೇಡಿ, ಒಳಗಿನ ಪೊರೆ ಹರಿಯುತ್ತದೆ.

ಬೆಲೆಯಲ್ಲಿ ಉಳಿಸಿದ್ದರಲ್ಲಿ ಮೊದಲು ಒಂದು ಸ್ಪೀಡ್ ಸೆನ್ಸರ್ ಕೊಳ್ಳಿ. ಆಗುಂಬೆಯಂಥ ಘಾಟಿಯಲ್ಲಿ ಮರಗಳ ಚಪ್ಪರದಡಿ ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಹತ್ತುವಾಗ ಜಿಪಿಎಸ್ ವೇಗ ಆಗಾಗ ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಸೈಕಲ್ ನಿಂತಿದೆ ಎಂದುಕೊಂಡು ‘ಆಟೊ ಪಾಝ್’ ಸೌಲಭ್ಯ ದಾಖಲೆಯನ್ನೇ ನಿಲ್ಲಿಸಿಬಿಡುತ್ತದೆ. ಗಾಲಿಯ ಹಬ್‌ಗೆ ಕಟ್ಟುವ ಸೆನ್ಸರ್ ಸುತ್ತುಗಳನ್ನೇ ಎಣಿಸುವುದರಿಂದ ಈ ತೊಂದರೆ ಇಲ್ಲ. ಆದರೆ ಅದಕ್ಕೆ ಗಾಲಿಯ ಸುತ್ತಳತೆ ಸರಿಯಾಗಿ ಹೇಳಿರಬೇಕು. 700×25 ಟೈರಿಗೆ ಸುಮಾರು 2105 ಮಿ.ಮೀ., 700×32ಕ್ಕೆ ಸುಮಾರು 2155. ಒಂದರ ಬದಲು ಇನ್ನೊಂದನ್ನು ತುಂಬಿದರೆ ನೂರು ಕಿಲೋಮೀಟರಿಗೆ ಎರಡು ಕಿಲೋಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಪಟ್ಟಿಗಿಂತ ನೆಲದ ಅಳತೆಯೇ ವಾಸಿ. ಎಂದಿನಷ್ಟು ಗಾಳಿ ಹೊಡೆದು, ಮುಂದಿನ ಗಾಲಿಯ ವಾಲ್ವ್ ನೇರ ಕೆಳಗೆ ಬರುವಂತೆ ನಿಲ್ಲಿಸಿ, ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಸೈಕಲ್ ಮೇಲೆ ಕೂತೇ ಮೂರು ಸುತ್ತು ನೇರ ಉರುಳಿಸಿ, ಮತ್ತೆ ಗುರುತು ಹಾಕಿ, ದೂರವನ್ನು ಮೂರರಿಂದ ಭಾಗಿಸಿ. ಕೂತೇ ಉರುಳಿಸಬೇಕು, ಯಾಕೆಂದರೆ ಮೈಭಾರಕ್ಕೆ ಟೈರು ಚಪ್ಪಟೆಯಾಗಿ ಸುತ್ತಳತೆ ಕಡಿಮೆಯಾಗುತ್ತದೆ. ಸೆನ್ಸರನ್ನು ಹಿಂದಿನ ಗಾಲಿಗೆ ಕಟ್ಟುವುದಾದರೆ ಅಳೆಯಬೇಕಾದದ್ದೂ ಹಿಂದಿನ ಗಾಲಿಯನ್ನೇ.

ಸೆನ್ಸರ್ ಕೊಳ್ಳುವಾಗ ಎಎನ್‌ಟಿ+ (ಸೆನ್ಸರ್‌ಗಳು ಬಳಸುವ ಒಂದು ನಿಸ್ತಂತು ಸಂಪರ್ಕ) ಮತ್ತು ಬ್ಲೂಟೂತ್ ಎರಡೂ ಇದೆಯೇ ನೋಡಿ. ಎಎನ್‌ಟಿ+ ಎಲ್ಲರಿಗೂ ಬಿತ್ತರಿಸುತ್ತದೆ. ಬ್ಲೂಟೂತ್‌ನಲ್ಲಿ ಅನೇಕ ಸೆನ್ಸರ್‌ಗಳು ಒಂದೆರಡು ಸಾಧನಗಳ ಜೊತೆ ಮಾತ್ರ ಮಾತಾಡುತ್ತವೆ. ಜೇಬಿನಲ್ಲಿರುವ ಫೋನಿನ ಆ್ಯಪ್ ಅದನ್ನು ಮೊದಲೇ ಹಿಡಿದುಕೊಂಡಿದ್ದರೆ ಹ್ಯಾಂಡಲ್ ಮೇಲಿನ ಕಂಪ್ಯೂಟರಿಗೆ ಸೆನ್ಸರ್ ಸಿಗುವುದೇ ಇಲ್ಲ. ‘ಸೆನ್ಸರ್ ಕೆಟ್ಟಿದೆ’ ಎಂಬ ದೂರು ಬಂದಾಗ ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ, ಆಮೇಲೆ ಸೆನ್ಸರಿನೊಳಗಿನ ಸಿಆರ್2032 ಗುಂಡಿ ಬ್ಯಾಟರಿಯನ್ನು.

ಸಾಧನದ ಬ್ಯಾಟರಿಯ ವಿಷಯಕ್ಕೆ ಬಂದರೆ, ಪೆಟ್ಟಿಗೆಯ ಮೇಲಿನ ಗಂಟೆಗಳು ದೀಪ ಆರಿಸಿ, ದಾರಿ ತೋರಿಸುವ ಕೆಲಸ ಕೊಡದೆ ಬರುವ ಗಂಟೆಗಳು. ಅದರಲ್ಲಿ ಮೂರನೇ ಎರಡು ಭಾಗ ಮಾತ್ರ ಕೈಗೆ ಸಿಗುತ್ತದೆಂದು ಎಣಿಸಿಕೊಳ್ಳಿ. ಗೊತ್ತಾದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳಾದ ಬ್ರೆವೆಗಳಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ ಕಾಲಮಿತಿ ಇರುತ್ತದೆ. 600ಕ್ಕೆ ಹೋಗುವವರು ಹೆಚ್ಚಿನ ಸಾಧನಗಳನ್ನು ದಾರಿಯಲ್ಲೇ ಚಾರ್ಜ್ ಮಾಡಬೇಕಾಗುತ್ತದೆ. ಕೆಲವು ಅಗ್ಗದ ಸಾಧನಗಳಿಗೆ ಕೇಬಲ್ ಚುಚ್ಚಿದೊಡನೆ ದಾಖಲೆ ನಿಂತುಹೋಗುತ್ತದೆ, ಇದನ್ನು ಮನೆಯಲ್ಲೇ ಪರೀಕ್ಷಿಸಿ. ಸಾಧನ ಎಳೆಯುವ ವಿದ್ಯುತ್ ತೀರಾ ಕಡಿಮೆ ಎಂದು ಕೆಲವು ಪವರ್‌ಬ್ಯಾಂಕ್‌ಗಳು ತಾವೇ ಆರಿಹೋಗುವುದೂ ಉಂಟು.

ದಾರಿ ತೋರಿಸುವುದರಲ್ಲಿ ಮೂರು ಮೆಟ್ಟಿಲು. ಐಜಿಪಿಸ್ಪೋರ್ಟ್ ಕಂಪನಿಯದೇ ಉದಾಹರಣೆ ಕೊಡುವುದಾದರೆ, ಬಿಎಸ್‌ಸಿ100ಎಸ್ ದಾರಿ ತೋರಿಸುವುದಿಲ್ಲ, ಬಿಎಸ್‌ಸಿ200 ಖಾಲಿ ಪರದೆಯ ಮೇಲೆ ಹೋಗಬೇಕಾದ ಗೆರೆಯನ್ನಷ್ಟೇ ತೋರಿಸುತ್ತದೆ, ಬಿಎಸ್‌ಸಿ300ರಲ್ಲಿ ನಕ್ಷೆಯೇ ಇದೆ. ದಾರಿಯ ವಿವರವಿರುವ ಜಿಪಿಎಕ್ಸ್ ಫೈಲ್ ಮೊದಲೇ ತುಂಬಿಕೊಂಡು ಹೊರಡುವವರಿಗೆ ನಡುವಿನದು ಸಾಕು. ಗೆರೆ ಬಿಟ್ಟು ಹೊರಟರೆ ಎಚ್ಚರಿಕೆಯ ಸದ್ದು ಬಂದರಾಯಿತು, ಉಳಿದದ್ದನ್ನು ಚಹಾ ಅಂಗಡಿಯಲ್ಲಿ ಕೇಳಬಹುದು. ಕಪ್ಪು-ಬಿಳುಪು ಪರದೆಯನ್ನು ಕೀಳಾಗಿ ಕಾಣಬೇಡಿ. ಬಿಸಿಲನ್ನೇ ಪ್ರತಿಫಲಿಸಿ ಅಂಕಿ ತೋರಿಸುವ ಈ ಪರದೆ ನಡುಮಧ್ಯಾಹ್ನ ಫೋನಿಗಿಂತ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಮಳೆಯಲ್ಲಿ ಟಚ್‌ಗಿಂತ ಗುಂಡಿಗಳೇ ನಂಬಿಕಸ್ಥ.

ಪೆಟ್ಟಿಗೆ ಬಿಚ್ಚಿದ ದಿನ ಸಾಧನವನ್ನು ಬಯಲಲ್ಲಿಟ್ಟು ಕೆಲವು ನಿಮಿಷ ಅಲುಗಾಡಿಸದೆ ಬಿಡಿ. ಪ್ರತಿ ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಕಳಿಸುತ್ತದೆ. ಮಧ್ಯೆ ಸಂಕೇತ ತಪ್ಪಿದರೆ ಅದನ್ನು ಮೊದಲಿಂದ ಕೇಳಿಸಿಕೊಳ್ಳಬೇಕು. ಆ್ಯಪ್‌ಗೆ ಜೋಡಿಸಿದರೆ ಈ ವಿವರ ಫೋನಿನಿಂದಲೇ ಬಂದು ಕಾಯುವುದು ತಪ್ಪುತ್ತದೆ. ಬಳಿಕ ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಗೊತ್ತಿರುವ ಒಂದು ದಿಬ್ಬಕ್ಕೆ ಎರಡು ಸಲ ಹತ್ತಿ ಇಳಿಯಿರಿ. ಎರಡು ಸಲವೂ ಒಟ್ಟು ಏರಿಕೆ ಹತ್ತಿರ ಹತ್ತಿರ ಬರಬೇಕು, ಫೈಲ್ ತೊಡಕಿಲ್ಲದೆ ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ಗೆ ಏರಬೇಕು, ಸಾಧನವನ್ನು ಹ್ಯಾಂಡಲ್‌ಗೆ ಹಿಡಿದಿಡುವ ಮೌಂಟಿನ ಹಲ್ಲುಗಳು ಹಂಪ್‌ಗಳ ಮೇಲೆ ಸಡಿಲಬಾರದು. ಇವುಗಳಲ್ಲಿ ಒಂದು ತಪ್ಪಿದರೂ ವಾಪಸ್ ಕೊಟ್ಟುಬಿಡಿ.