ಹೆಸರು ಕೂಗಿದರೆ ಓಗೊಡುವವರು ಯಾರು?

ಎಂಜಿನಿಯರಿಂಗ್ ಓದುವಾಗ ಲ್ಯಾಬಿನಲ್ಲಿ ನಾನು ಬರೆದ ಮೊದಲ ಸಿ ಪ್ರೋಗ್ರಾಮಿಗೆ ‘ಟೆಸ್ಟ್’ ಎಂದು ಹೆಸರಿಟ್ಟಿದ್ದೆ. ಪರದೆಯ ಮೇಲೆ ಒಂದು ಸಾಲು ಮೂಡಿಸುವುದಷ್ಟೇ ಅದರ ಕೆಲಸ. ಹೆಸರು ಟೈಪ್ ಮಾಡಿ ಎಂಟರ್ ಒತ್ತಿದೆ. ಸಾಲು ಮೂಡಲಿಲ್ಲ, ತಪ್ಪಾಗಿದೆ ಎಂಬ ಸೂಚನೆಯೂ ಬರಲಿಲ್ಲ. ಇಡೀ ಅವಧಿಯನ್ನು ಕೋಡಿನಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತಾ ಕಳೆದೆ. ಓಡುತ್ತಿದ್ದದ್ದು ನನ್ನ ಪ್ರೋಗ್ರಾಮೇ ಅಲ್ಲ ಎಂದು ತಿಳಿದದ್ದು ಮರುವಾರ. ಲ್ಯಾಬಿನ ಕಂಪ್ಯೂಟರನ್ನು ನಡೆಸುತ್ತಿದ್ದ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಅದೇ ಹೆಸರಿನ ಆಜ್ಞೆ ಮೊದಲೇ ಇದೆ. ಷರತ್ತುಗಳನ್ನು ಪರೀಕ್ಷಿಸುವುದು ಅದರ ಕಸುಬು. ನಾನು ಕೂಗಿದ್ದಕ್ಕೆ ಅದು ಓಗೊಟ್ಟು, ಪರೀಕ್ಷಿಸಲು ಏನೂ ಸಿಗದೆ, ಸದ್ದಿಲ್ಲದೆ ಹಿಂದಿರುಗಿತ್ತು. ಬಸ್ ನಿಲ್ದಾಣದಲ್ಲಿ ‘ಮಂಜು’ ಎಂದು ಕೂಗಿದರೆ ನಾಲ್ವರು ತಿರುಗಿ ನೋಡುತ್ತಾರೆ. ಕಂಪ್ಯೂಟರಿನಲ್ಲಿ ತಿರುಗುವವನು ಒಬ್ಬನೇ. ಆ ಒಬ್ಬನನ್ನು ಆರಿಸುವವರು ಯಾರು?

ಕರ್ನಲ್ ಅಲ್ಲ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಊರೆಲ್ಲ ಹುಡುಕುತ್ತಾ ಹೋಗುವುದಿಲ್ಲ. ಕಡತದ ವಿಳಾಸ ಕೊಟ್ಟರೆ ಅದನ್ನು ಮೆಮೊರಿಗೆ ತಂದು ಓಡಿಸುತ್ತದೆ, ಅಷ್ಟೇ. ಹುಡುಕುವ ಹೊಣೆ ಶೆಲ್‌ನದು, ಅಂದರೆ ನಾವು ಆಜ್ಞೆ ಟೈಪ್ ಮಾಡುವ ಪ್ರೋಗ್ರಾಮಿನದು. 1960ರ ದಶಕದ ಮಲ್ಟಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಯೋಜನೆಯ ಕಾಲದಲ್ಲಿ ಲೂಯಿ ಪೂಝಾನ್ ಇಟ್ಟ ಹೆಸರು ಅದು. ಎಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕು ಎಂಬ ನಿಯಮಗಳು ಮಲ್ಟಿಕ್ಸ್‌ನಲ್ಲೂ ಇದ್ದವು. ಆ ಯೋಜನೆಯಿಂದ ಹೊರಬಂದ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಆರಂಭಿಸಿದ, ಮುಂದೆ ಲಿನಕ್ಸಿಗೂ ಮಾದರಿಯಾದ ಯುನಿಕ್ಸ್ ಇದನ್ನು ತೀರ ಸರಳಗೊಳಿಸಿತು.

ಥಾಂಪ್ಸನ್ ಬರೆದ ಶೆಲ್‌ನಲ್ಲಿ ಹುಡುಕಾಟದ ದಾರಿಯನ್ನು ಕೋಡಿನೊಳಗೇ ಕೆತ್ತಿಟ್ಟಿತ್ತು. ಯುನಿಕ್ಸ್‌ನ ಆರನೆಯ ಆವೃತ್ತಿಯ ಹೊತ್ತಿಗೆ ಅದು ಮೊದಲು ನೀವು ಕುಳಿತಿರುವ ಫೋಲ್ಡರಿನಲ್ಲಿ ನೋಡುತ್ತಿತ್ತು. ಸಿಗದಿದ್ದರೆ ‘/ಬಿನ್’, ಅಲ್ಲಿಯೂ ಇಲ್ಲದಿದ್ದರೆ ‘/ಯುಎಸ್ಆರ್/ಬಿನ್’. ಒಂದೇ ಬಗೆಯ ಸಾಮಾನಿಗೆ ಎರಡು ಉಗ್ರಾಣಗಳು ಏಕೆ? ಮೂಲ ಡಿಸ್ಕ್ ತುಂಬಿಹೋದಾಗ, ಬಳಕೆದಾರರ ಕಡತಗಳಿಗೆಂದು ಇಟ್ಟಿದ್ದ ಎರಡನೆಯ ಡಿಸ್ಕಿನಲ್ಲಿ ಆಜ್ಞೆಗಳಿಗೂ ಜಾಗ ಮಾಡಿಕೊಡಲಾಯಿತು. ಜಾಗದ ಅಭಾವಕ್ಕೆ ಹುಡುಕಿಕೊಂಡ ಆ ಉಪಾಯ ಮುಂದೆ ನಾಲ್ಕು ದಶಕ ಸಂಪ್ರದಾಯವಾಗಿ ಉಳಿಯಿತು.

ಕೆತ್ತಿಟ್ಟ ದಾರಿ ಒಂದು ಚಿಕ್ಕ ಗುಂಪಿಗೆ ಸಾಕಿತ್ತು. ಬೆಲ್ ಲ್ಯಾಬ್ಸ್‌ನಲ್ಲಿ ಒಂದೇ ಯಂತ್ರವನ್ನು ಹಲವು ತಂಡಗಳು ಹಂಚಿಕೊಳ್ಳತೊಡಗಿದಾಗ ಪ್ರತಿ ತಂಡಕ್ಕೂ ತನ್ನದೇ ಆಜ್ಞೆಗಳ ಫೋಲ್ಡರ್ ಬೇಕಾಯಿತು. 1970ರ ದಶಕದ ಮಧ್ಯದಲ್ಲಿ ಜಾನ್ ಮಾಶಿ ತಮ್ಮ ಶೆಲ್‌ನಲ್ಲಿ ಹುಡುಕಾಟದ ದಾರಿಯನ್ನು ಬಳಕೆದಾರನೇ ಬದಲಿಸುವಂತೆ ಮಾಡಿದರು. 1979ರ ಏಳನೆಯ ಆವೃತ್ತಿಯಲ್ಲಿ, ಸ್ಟೀಫನ್ ಬೋರ್ನ್ ಅವರ ಶೆಲ್ ಜೊತೆಗೆ, ಅದು ಇಂದಿನ ರೂಪ ಪಡೆಯಿತು: ‘ಪಾಥ್’ ಎಂಬ ಹೆಸರು, ಅದರೊಳಗೆ ಕೋಲನ್ ಚಿಹ್ನೆಯಿಂದ ಬೇರ್ಪಡಿಸಿದ ಫೋಲ್ಡರುಗಳ ಸಾಲು. ಎಡದಿಂದ ಬಲಕ್ಕೆ ಹುಡುಕು, ಮೊದಲು ಸಿಕ್ಕಿದ್ದನ್ನು ಓಡಿಸು. ನಾನು ಕಂಡ ವಿನ್ಯಾಸಗಳಲ್ಲಿ ಇಷ್ಟು ಕಡಿಮೆ ಅಕ್ಷರಗಳಲ್ಲಿ ಇಷ್ಟು ಕೆಲಸ ಮಾಡಿದ್ದು ಇನ್ನೊಂದಿಲ್ಲ.

ಆದರೆ ಆ ಸಾಲು ಹುಟ್ಟುವಾಗಲೇ ಒಂದು ಅಪಾಯವನ್ನು ಹೊತ್ತು ತಂದಿತ್ತು. ಏಳನೆಯ ಆವೃತ್ತಿಯಲ್ಲಿ ಪಾಥ್‌ನ ಮೂಲ ಬೆಲೆ ಕೋಲನ್‌ನಿಂದಲೇ ಶುರುವಾಗುತ್ತಿತ್ತು. ಅದರ ಮುಂದಿನ ಖಾಲಿ ಜಾಗದ ಅರ್ಥ ‘ಈಗಿರುವ ಫೋಲ್ಡರ್’. ಹಲವರು ಹಂಚಿಕೊಳ್ಳುವ ಯಂತ್ರದಲ್ಲಿ ಒಬ್ಬ ತನ್ನ ಫೋಲ್ಡರಿನಲ್ಲಿ ‘ಎಲ್ಎಸ್’ ಎಂಬ ಹೆಸರಿನ ಕಳ್ಳ ಪ್ರೋಗ್ರಾಮ್ ಇಟ್ಟು ಕಾಯುತ್ತಾನೆ ಎನ್ನಿ. ನಿರ್ವಾಹಕರು ಅಲ್ಲಿಗೆ ಬಂದು ಕಡತಗಳ ಪಟ್ಟಿ ನೋಡಲು ಎಂದಿನಂತೆ ‘ಎಲ್ಎಸ್’ ಟೈಪ್ ಮಾಡುತ್ತಾರೆ. ಓಗೊಡುವುದು ಕಳ್ಳ, ಅದೂ ನಿರ್ವಾಹಕರ ಸಂಪೂರ್ಣ ಅಧಿಕಾರದೊಂದಿಗೆ. ಹೀಗಾಗಿ ಆ ಖಾಲಿ ಜಾಗವನ್ನು ಮೊದಲು ಸಾಲಿನ ಕೊನೆಗೆ ತಳ್ಳಿದರು. ಅದೂ ಸಾಲಲಿಲ್ಲ; ‘ಎಲ್ಎಸ್’ ಬದಲು ಕೈತಪ್ಪಿ ‘ಎಸ್ಎಲ್’ ಎಂದು ಒತ್ತಿದರೂ ಬಲೆಗೆ ಬೀಳಬಹುದಿತ್ತು. ಕೊನೆಗೆ ಸಾಲಿನಿಂದಲೇ ತೆಗೆದುಹಾಕಿದರು. ಇವತ್ತು ನಮ್ಮ ಲ್ಯಾಬುಗಳಲ್ಲಿ ವಿದ್ಯಾರ್ಥಿಗಳು ತಾವು ಬರೆದ ಪ್ರೋಗ್ರಾಮ್ ಓಡಿಸಲು ‘./ಎ.ಔಟ್’ ಎಂದು ಟೈಪ್ ಮಾಡುವಾಗ ಮುಂದಿನ ಚುಕ್ಕಿ ಮತ್ತು ಸ್ಲಾಶ್ ಏಕೆಂದು ಕೇಳಿದರೆ, ‘ಹಾಗೇ ಹೊಡೆಯಬೇಕು’ ಎಂಬ ಉತ್ತರವೇ ಹೆಚ್ಚು ಸಿಗುತ್ತದೆ. ಇದು ನನಗೆ ನೋವಿನ ಸಂಗತಿ. ಆ ಎರಡು ಚಿಹ್ನೆಗಳು ‘ನಾನು ಕರೆಯುತ್ತಿರುವುದು ಇಲ್ಲಿರುವವನನ್ನೇ’ ಎಂದು ಬೆರಳು ತೋರಿಸಿ ಹೇಳುತ್ತವೆ.

ಮೈಕ್ರೋಸಾಫ್ಟಿನ ಹಳೆಯ ಕಾರ್ಯಾಚರಣ ವ್ಯವಸ್ಥೆಯಾದ ಡಾಸ್ ಈ ಪಾಠವನ್ನು ಕಲಿಯಲಿಲ್ಲ. 1983ರ ಎಂಎಸ್-ಡಾಸ್ 2.0 ಯುನಿಕ್ಸ್‌ನಿಂದ ಪಾಥ್ ಅನ್ನು ಎರವಲು ತಂದಿತು. ಕೋಲನ್ ಆಗಲೇ ‘ಸಿ:’ ಎಂಬಂತಹ ಡ್ರೈವ್ ಹೆಸರುಗಳಿಗೆ ಮೀಸಲಾಗಿದ್ದರಿಂದ ಸೆಮಿಕೋಲನ್ ಬಂತು. ಈಗಿರುವ ಫೋಲ್ಡರ್ ಮಾತ್ರ ಯಾವಾಗಲೂ ಮೊದಲು. ಜೊತೆಗೆ, ಒಂದೇ ಹೆಸರಿನ ಕಡತಗಳಿದ್ದರೆ ‘ಕಾಮ್’ ಬಾಲದ್ದು ‘ಎಕ್ಸ್ಇ’ ಬಾಲದ್ದಕ್ಕಿಂತ ಮುಂದೆ. ವೈರಸ್ ಬರೆಯುವವರಿಗೆ ಇದು ತೆರೆದ ಬಾಗಿಲಾಯಿತು: ಅಸಲಿ ಎಕ್ಸ್ಇ ಕಡತವನ್ನು ಮುಟ್ಟದೆಯೇ ಪಕ್ಕದಲ್ಲಿ ಅದೇ ಹೆಸರಿನ ಕಾಮ್ ಕಡತ ಇಟ್ಟರೆ ಮುಗಿಯಿತು. 2006ರಲ್ಲಿ ಬಂದ ಮೈಕ್ರೋಸಾಫ್ಟಿನದೇ ಹೊಸ ಶೆಲ್ ಪವರ್‌ಶೆಲ್ ಮಾತ್ರ ಯುನಿಕ್ಸ್‌ನಂತೆ ಚುಕ್ಕಿಯನ್ನು ಕಡ್ಡಾಯ ಮಾಡಿತು.

ಇದೇ ಪ್ರಶ್ನೆ 2021ರಲ್ಲಿ ಯಂತ್ರದ ಗಡಿ ದಾಟಿ ಬಂತು. ಕಂಪನಿಗಳು ಒಳಗೊಳಗೇ ಬಳಸುವ ಪ್ಯಾಕೇಜುಗಳ, ಅಂದರೆ ಸಿದ್ಧ ಕೋಡಿನ ಕಟ್ಟುಗಳ, ಹೆಸರಿನಲ್ಲಿ ಭದ್ರತಾ ಸಂಶೋಧಕ ಅಲೆಕ್ಸ್ ಬಿರ್ಸಾನ್ ಸಾರ್ವಜನಿಕ ಭಂಡಾರಗಳಿಗೆ ತಮ್ಮ ಪ್ಯಾಕೇಜುಗಳನ್ನು ಏರಿಸಿದರು. ಆಪಲ್, ಮೈಕ್ರೋಸಾಫ್ಟ್‌ನಂತಹ ಸಂಸ್ಥೆಗಳ ಒಳಗೂ ಅವರ ಕೋಡ್ ಓಡಿತು. ಹೆಸರು ಒಂದೇ, ಮನೆ ಎರಡು, ಯಾವ ಮನೆಗೆ ಮೊದಲು ಹೋಗಬೇಕೆಂಬುದು ಅಸ್ಪಷ್ಟ.

ಹಳೆಯ ಎರಡು ಉಗ್ರಾಣಗಳು ಈಗ ಒಂದಾಗುತ್ತಿವೆ. 2012ರಲ್ಲಿ ಬಂದ ಫೆಡೋರಾ 17 ಎಂಬ ಲಿನಕ್ಸಿನಲ್ಲಿ ‘/ಬಿನ್’ ಎಂಬುದು ‘/ಯುಎಸ್ಆರ್/ಬಿನ್’ ಕಡೆಗೆ ಕೈ ತೋರಿಸುವ ಫಲಕವಷ್ಟೇ ಆಯಿತು; ಉಳಿದ ಪ್ರಮುಖ ಲಿನಕ್ಸ್‌ಗಳೂ ಅದೇ ಹಾದಿ ಹಿಡಿದವು. ಇಂತಹ ಲಿನಕ್ಸ್ ನಿಮ್ಮಲ್ಲಿದ್ದರೆ ಬ್ಯಾಶ್ ಶೆಲ್‌ನಲ್ಲಿ ‘ಟೈಪ್ -ಎ ಟೆಸ್ಟ್’ ಆಜ್ಞೆ ಕೊಟ್ಟು ನೋಡಿ. ಆ ಹೆಸರಿಗೆ ಓಗೊಡಬಲ್ಲವರೆಲ್ಲ ಸರದಿಯಲ್ಲಿ ನಿಲ್ಲುತ್ತಾರೆ: ಮೊದಲು ಶೆಲ್ ತನ್ನೊಳಗೇ ಇಟ್ಟುಕೊಂಡಿರುವ ಆಜ್ಞೆ, ಆಮೇಲೆ ‘/ಯುಎಸ್ಆರ್/ಬಿನ್’ನದು, ಕೆಲವೊಮ್ಮೆ ಅದರ ಕೆಳಗೆ ಅದೇ ಕಡತ ‘/ಬಿನ್’ ಎಂಬ ಹಳೆಯ ವಿಳಾಸದೊಂದಿಗೆ ಮತ್ತೊಮ್ಮೆ. ನಾನು ಅಂದು ಲ್ಯಾಬಿನಲ್ಲಿ ಬರೆದದ್ದು ಆ ಸರದಿಯಲ್ಲಿ ಎಲ್ಲಿಯೂ ಇರಲಿಲ್ಲ.